ನವಾಬರ ಟೆಲಿಸ್ಕೋಪ್ ಕಲಿಸುವ ಪಾಠ

ರಮಝಾನ್ 29ರ ಸಂಜೆ ಭಟ್ಕಳ, ಹೊನ್ನಾವರ, ಕುಮಟಾದ ಕಡಲ ತೀರಕ್ಕೆ ಹೋಗಿ ನೋಡಿ. ಎಲ್ಲರ ಮುಖವೂ ಪಶ್ಚಿಮಕ್ಕೆ. "ಉಸ್ತಾದ್, ಚಂದ್ರ ಕಂಡಿತಾ?" ಅಂತ ಮಕ್ಕಳು ಓಡಿ ಬರುತ್ತಾರೆ. ಪೆರ್ನಾಳ್ ಮುಗಿದ ಮೇಲೆ ಆಕಾಶದ ನೆನಪೇ ಯಾರಿಗೂ ಇರುವುದಿಲ್ಲ. ಈ ಉತ್ಸಾಹ ವರ್ಷವಿಡೀ ಉಳಿಯುವುದು ಹೇಗೆ? ಹೈದರಾಬಾದಿನ ನವಾಬರೊಬ್ಬರು ಇದಕ್ಕೆ ದಾರಿ ತೋರಿಸಿದ್ದಾರೆ.

ಆಗ ನಮ್ಮ ಕಲಬುರಗಿ, ಬೀದರ್, ರಾಯಚೂರು ಕೂಡ ನಿಝಾಮರ ಆಡಳಿತದಲ್ಲಿದ್ದವು. ನವಾಬ್ ಝಫರ್ ಜಂಗ್ ಅವರಿಗೆ ನಕ್ಷತ್ರಗಳ ಹುಚ್ಚು. ಇಂಗ್ಲೆಂಡಿನಿಂದ 15 ಇಂಚಿನ ಟೆಲಿಸ್ಕೋಪ್ ತರಿಸಿ, 1901ರಲ್ಲಿ ಸ್ವಂತ ಖರ್ಚಿನಲ್ಲಿ ವೀಕ್ಷಣಾಲಯ ಆರಂಭಿಸಿದರು. ತನ್ನ ಹೆಸರಿಡಲಿಲ್ಲ; ನಿಝಾಮರ ಹೆಸರಿಡಲು ಅನುಮತಿ ಕೇಳಿದರು. ತನ್ನ ಕಾಲಾನಂತರ ಸರಕಾರವೇ ಅದನ್ನು ನಡೆಸಬೇಕೆಂದೂ ವಿನಂತಿಸಿದರು. ಅವರು 1907ರಲ್ಲಿ ತೀರಿಕೊಂಡರು. 1908ರಲ್ಲಿ ಸರಕಾರ ಅದನ್ನು ವಹಿಸಿಕೊಂಡಿತು. ಮುಂದೆ ಜಗತ್ತಿನ ವೀಕ್ಷಣಾಲಯಗಳು ಆಕಾಶವನ್ನು ಪಾಲು ಮಾಡಿಕೊಂಡು ನಕ್ಷತ್ರಗಳನ್ನು ಗುರುತಿಸುವಾಗ ನಿಝಾಮಿಯಾ ಕೂಡ ತನ್ನ ಪಾಲು ಪಡೆದು, ಲಕ್ಷಾಂತರ ನಕ್ಷತ್ರಗಳ ಸ್ಥಾನ ದಾಖಲಿಸಿತು.

ಇಸ್ತಾಂಬುಲಿನಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಸುಲ್ತಾನ್ ಮೂರನೇ ಮುರಾದರ ಬೆಂಬಲದಿಂದ ತಖಿಯುದ್ದೀನ್ ಎಂಬ ವಿದ್ವಾಂಸರು 1577ರಲ್ಲಿ ದೊಡ್ಡ ವೀಕ್ಷಣಾಲಯ ಕಟ್ಟಿದರು. ಆಸ್ಥಾನದ ಗಾಳಿ ತಿರುಗಿತು. 1580ರಲ್ಲಿ ಅದೇ ಸುಲ್ತಾನರ ಆಜ್ಞೆಯಿಂದ ಅದು ನೆಲಸಮವಾಯಿತು. ಒಬ್ಬ ದೊರೆಯ ಕೃಪೆಯನ್ನೇ ನಂಬಿದ ವಿದ್ಯೆಯ ಗತಿ ಇಷ್ಟೇ. ನವಾಬರು ತನ್ನ ಹುಚ್ಚನ್ನು ಸಂಸ್ಥೆಯಾಗಿ ಮಾಡಿದ್ದರಿಂದ ಅದು ಅವರ ನಂತರವೂ ಬದುಕಿತು.

ಫಲ ಎಲ್ಲಿವರೆಗೆ ಮುಟ್ಟಿತು ನೋಡಿ. ನಿಝಾಮಿಯಾದಲ್ಲಿ ಕೆಲಸಕ್ಕಿದ್ದ ಬಾಪು ಎಂಬವರ ಮಗ ಅಪ್ಪನ ಜೊತೆ ಆಕಾಶ ನೋಡುತ್ತಾ ಬೆಳೆದ. ಆ ಹುಡುಗನೇ ಮುಂದೆ ಖ್ಯಾತ ಖಗೋಳ ವಿಜ್ಞಾನಿ ವೇಣು ಬಾಪು. 1971ರಲ್ಲಿ ರೂಪುಗೊಂಡು, ಇಂದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಗೋಳ ಭೌತ ವಿಜ್ಞಾನ ಸಂಸ್ಥೆಗೆ ಬುನಾದಿ ಹಾಕಿದವರು ಅವರೇ.

1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ನಮ್ಮ ಪಕ್ಕದ ಅಂಕೋಲಾದ ಮೇಲೆಯೇ ಹಾದುಹೋಯಿತು. ದೇಶದ ಎಷ್ಟೋ ಊರುಗಳಲ್ಲಿ ಜನ ಹೆದರಿ ಬಾಗಿಲು ಹಾಕಿ ಕುಳಿತಿದ್ದರು. ವಿಜ್ಞಾನಿಗಳು ಮಾತ್ರ ಉಪಕರಣ ಹೊತ್ತು ಬಂದಿದ್ದರು.

ನವಾಬರಷ್ಟು ಹಣ ನಮ್ಮಲ್ಲಿಲ್ಲ, ನಿಜ. ಆದರೆ ಮದುವೆಗೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪ ಉಳಿಸಿದರೂ ಒಂದು ಜಮಾಅತ್‌ಗೆ ಸಣ್ಣ ಟೆಲಿಸ್ಕೋಪ್ ಬರುತ್ತದೆ. ಅದು ಯಾರದೋ ಮನೆಯ ಅಟ್ಟ ಸೇರಬಾರದು. ಶಾಲೆಯ ಹೆಸರಿಗೆ ಬರೆದು, ನೋಡಿಕೊಳ್ಳಲು ಒಬ್ಬರನ್ನು ನೇಮಿಸಿ. ಚಂದ್ರನನ್ನು ಹುಡುಕುವ ಮಕ್ಕಳು ಶನಿಯ ಬಳೆಯನ್ನೂ ನೋಡಲಿ.