ಹಿತ್ತಲ ತೋಟಕ್ಕೆ ಹೊಡೆದ ವಿಷ ಗೋದಲೆಗೂ ಬಂದೀತು!



ನಮ್ಮ ಹಳ್ಳಿಗಳಲ್ಲಿ ಹಿತ್ತಲಿಗೂ ಕೊಟ್ಟಿಗೆಗೂ ನಡುವೆ ಗೋಡೆಯಿಲ್ಲ. ಬದನೆ ಗಿಡದಿಂದ ನಾಲ್ಕು ಮಾರು ದೂರದಲ್ಲಿ ಎಮ್ಮೆ ಕಟ್ಟಿರುತ್ತದೆ. ತೋಟದಲ್ಲಿ ಕಿತ್ತ ಕಳೆ, ಬಲಿತ ಸೊಪ್ಪು, ಹುಳುಕು ಕಾಯಿ ಎಲ್ಲವೂ ಗೋದಲೆಗೇ ಹೋಗುತ್ತವೆ. ಆದ್ದರಿಂದ ತರಕಾರಿ ಗಿಡಕ್ಕೆ ಏನು ಸಿಂಪಡಿಸುತ್ತೀರೋ ಅದು ದನದ ಹೊಟ್ಟೆಗೆ, ಅಲ್ಲಿಂದ ಹಾಲಿಗೂ ಸೇರುವ ಸಂಭವವಿದೆ.

ತೊರವಿ ಭಾಗದ ಒಬ್ಬ ಸದಸ್ಯರ ಮನೆಗೆ ಒಮ್ಮೆ ತುರ್ತು ಕರೆಯ ಮೇಲೆ ಹೋಗಿದ್ದೆ. ಬೆಳಿಗ್ಗೆ ಚೆನ್ನಾಗಿಯೇ ಹಾಲು ಕೊಟ್ಟಿದ್ದ ಮಿಶ್ರತಳಿ ಹಸು ಮಧ್ಯಾಹ್ನ ಜೊಲ್ಲು ಸುರಿಸುತ್ತ, ನಡುಗುತ್ತ ಬಿದ್ದಿತ್ತು. ಹಿಂದಿನ ದಿನ ಯಜಮಾನರು ಬದನೆಗೆ ಕೀಟನಾಶಕ ಹೊಡೆದಿದ್ದರು. ಅದನ್ನು ತಿಳಿಯದ ಮನೆಯವರು ಸಾಲಿನ ನಡುವಿನ ಹುಲ್ಲು ಕಿತ್ತು ಹಸುವಿಗೆ ಹಾಕಿದ್ದರು. ಅಟ್ರೋಪಿನ್ ಚುಚ್ಚುಮದ್ದು ಸಕಾಲಕ್ಕೆ ಸಿಕ್ಕಿದ್ದರಿಂದ ಹಸು ಉಳಿಯಿತು. ಆದರೆ ಬದನೆ ಸಾಲಿನಲ್ಲಿ ಎರಡು ಗೊರವಂಕಗಳು ಸತ್ತು ಬಿದ್ದಿದ್ದವು. ಹುಳು ಸಾಯಲೆಂದು ಹೊಡೆದ ವಿಷ ಹುಳು ತಿನ್ನುವ ಹಕ್ಕಿಗಳನ್ನೇ ಕೊಂದಿತ್ತು.

ಕೂಲಿ ಕೇಳದ ಆಳುಗಳು

ಗುಬ್ಬಿ ಕಾಳು ತಿನ್ನುವ ಹಕ್ಕಿಯಾದರೂ ಮರಿಗಳಿಗೆ ಹುಳುಗಳನ್ನೇ ಹೆಕ್ಕಿ ತರುತ್ತದೆ. ಬೆಳ್ಳಕ್ಕಿ ಮೇಯುವ ದನದ ಹಿಂದೆಯೇ ನಡೆದು ಮಿಡತೆ, ನೊಣ ಹಿಡಿಯುತ್ತದೆ. ಕಾಜಾಣ ಎಮ್ಮೆಯ ಬೆನ್ನೇರಿ ಹಾರುವ ಕೀಟಗಳಿಗೆ ಹೊಂಚು ಹಾಕುತ್ತದೆ. ಕಪ್ಪೆ, ಹಲ್ಲಿ, ಓತಿಕ್ಯಾತಗಳದ್ದೂ ಇದೇ ಕಸುಬು. ರಾತ್ರಿ ಗೂಗೆ ಇಲಿ ಹಿಡಿಯುತ್ತದೆ. ಇಲಿಯ ಮೂತ್ರ ಬಿದ್ದ ಮೇವು ನೀರಿನಿಂದ ದನಕ್ಕೂ ಮನುಷ್ಯರಿಗೂ ಇಲಿ ಜ್ವರ ತಗಲುವುದರಿಂದ ಗೂಗೆಯ ಉಪಕಾರ ಸಣ್ಣದಲ್ಲ. ಇವೆಲ್ಲ ಬಂದು ನೆಲೆಸಬೇಕಾದರೆ ವರ್ಷವಿಡೀ ಹಿತ್ತಲಿನಲ್ಲಿ ಹೂವು, ನೆರಳು, ನೀರು ಇರಬೇಕು.

ಹಂಗಾಮಿಗೆ ತಕ್ಕ ತೋಟ

ಮುಂಗಾರು: ಮೃಗಶಿರಾ ಮಳೆ ಬಿದ್ದ ಕೂಡಲೇ ಬೇಲಿಗುಂಟ ಚೊಗಚೆ ಮತ್ತು ನುಗ್ಗೆ ನೆಡಿರಿ. ಇವುಗಳ ಸೊಪ್ಪು ದನಕ್ಕೆ ಪೌಷ್ಟಿಕ ಮೇವು. ಹೂವಿಗೆ ಜೇನು, ಸೂರಕ್ಕಿಗಳು ಬರುತ್ತವೆ. ಹೀರೆ, ಕುಂಬಳದ ಬಳ್ಳಿ ಹಬ್ಬಿಸಿರಿ. ಇವುಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಪರಾಗ ಹೊರುವ ಕೀಟ ಬಾರದಿದ್ದರೆ ಮಿಡಿ ಹಳದಿಯಾಗಿ ಉದುರುತ್ತದೆ. ಕುಂಬಳದ ಹೂವು ನಸುಕಿನಲ್ಲಿ ಅರಳಿದರೆ ಹೀರೆಯ ಹೂವು ಸಂಜೆ ಅರಳುತ್ತದೆ. ಹೀಗಾಗಿ ಬೆಳಿಗ್ಗೆ ವಿಷ ಹೊಡೆದರೂ ಸಂಜೆ ಹೊಡೆದರೂ ಹಾನಿ ತಪ್ಪದು.

ಹಿಂಗಾರು: ಬಿಳಿಜೋಳ ಬಿತ್ತುವ ಕಾಲಕ್ಕೆ ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ ಹಾಕಿರಿ. ಕೊತ್ತಂಬರಿ, ಸಬ್ಬಸಿಗೆಯ ನಾಲ್ಕಾರು ಗಿಡಗಳನ್ನು ಕೀಳದೆ ಹೂ ಬಿಡಲು ಬಿಡಿರಿ. ಆ ಹೂವಿಗೆ ಬರುವ ಗುಲಗಂಜಿ ಹುಳುಗಳು ಸಸ್ಯಹೇನುಗಳನ್ನು ತಿಂದು ಹಾಕುತ್ತವೆ.

ಬೇಸಿಗೆ: ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ ಹಕ್ಕಿಗೆ ಕಾಳಿಗಿಂತ ನೀರು ಮುಖ್ಯ. ಅಗಲ ಬಾಯಿಯ ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳು ನೀರು ಹಾಕಿ ನಡುವೆ ಒಂದು ಕಲ್ಲಿಡಿರಿ. ಜೇನ್ನೊಣಗಳೂ ಮುಳುಗದೆ ನೀರು ಕುಡಿಯುತ್ತವೆ. ಸೊಳ್ಳೆಯಾಗದಂತೆ ದಿನಾಲು ನೀರು ಬದಲಿಸಿರಿ. ದನ ತಿಂದು ಬಿಟ್ಟ ಕಣಿಕೆಯನ್ನು ಗಿಡದ ಬುಡಕ್ಕೆ ಹೊದಿಸಿದರೆ ತೇವ ಉಳಿಯುತ್ತದೆ.

ನೀರು ಎಲ್ಲಿಂದ?

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಮಾತ್ರ. ಆದಿಲ್‌ಶಾಹಿ ಕಾಲದಲ್ಲಿ ತೊರವಿ ಕಡೆಯಿಂದ ನೆಲದಡಿಯ ಸುರಂಗದ ಮೂಲಕ ಬಿಜಾಪುರ ಪಟ್ಟಣಕ್ಕೆ ನೀರು ಒಯ್ದಿದ್ದರು. ಅಷ್ಟು ಬೆಲೆಯುಳ್ಳ ನೀರನ್ನು ನಾವು ಕೊಟ್ಟಿಗೆ ತೊಳೆದು ಬೀದಿಗೆ ಬಿಡುತ್ತೇವೆ. ಒಂದು ಸಣ್ಣ ಕಾಲುವೆ ತೆಗೆದು ಆ ನೀರನ್ನು ನುಗ್ಗೆ, ಚೊಗಚೆ, ನಿಂಬೆಯ ಬುಡಕ್ಕೆ ಹರಿಸಿರಿ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೆಂತ್ಯದ ಮಡಿಗೆ ಮಾತ್ರ ಬಿಡಬೇಡಿರಿ. ಸಗಣಿಯಲ್ಲಿರುವ ರೋಗಾಣುಗಳು ಸೊಪ್ಪಿಗೆ ಅಂಟುತ್ತವೆ.

ಹುಳು ಬಿದ್ದರೆ

ಬೇವಿನ ಬೀಜದ ತಿರುಳು 50 ಗ್ರಾಂ ಕುಟ್ಟಿ, 1 ಲೀಟರ್ ನೀರಿನಲ್ಲಿ ರಾತ್ರಿಯೆಲ್ಲ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚೂರು ಸಾಬೂನು ಕದಡಿ, ಹುಳು ಬಿದ್ದ ಗಿಡಕ್ಕೆ ಮಾತ್ರ ಸಿಂಪಡಿಸಿರಿ. ಮಳೆಗಾಲದ ಆರಂಭದಲ್ಲಿ ಉದುರುವ ಬೇವಿನ ಹಣ್ಣಿನ ಬೀಜವನ್ನು ನೆರಳಿನಲ್ಲಿ ಒಣಗಿಸಿಟ್ಟರೆ ವರ್ಷಕ್ಕೆ ಸಾಕು.

ನೆನಪಿಡಬೇಕಾದ ಅಂಶಗಳು

1. ಹಕ್ಕಿಗಳಿಂದಷ್ಟೇ ಉಣ್ಣೆಯ ಕಾಟ ಪೂರ್ತಿ ನಿಲ್ಲದು. ಉಣ್ಣೆ ಮೊಟ್ಟೆಯಿಡುವ ಗೋಡೆಯ ಬಿರುಕುಗಳನ್ನು ಮುಚ್ಚಿರಿ. ಉಣ್ಣೆಯ ಔಷಧಿಯನ್ನು ಪಶುವೈದ್ಯರು ಹೇಳಿದ ಪ್ರಮಾಣದಲ್ಲೇ ಬಳಸಿರಿ. ಔಷಧಿ ಬೆರೆತ ನೀರನ್ನು ತೋಟಕ್ಕೆ ಬಿಡಬೇಡಿರಿ.

2. ಹಕ್ಕಿಯ ನೀರಿನ ತಟ್ಟೆ ಗೋದಲೆಯಿಂದ ದೂರವಿರಲಿ. ಪಶು ಆಹಾರ, ಹಾಲಿನ ಕ್ಯಾನು ಸದಾ ಮುಚ್ಚಿರಲಿ.

3. ಕಣಗಿಲೆಯ ಹೂವು ಚೆಂದ, ಎಲೆ ವಿಷ. ದನದ ಬಾಯಿಗೆ ಎಟಕುವಲ್ಲಿ ಅದನ್ನು ನೆಡಬೇಡಿರಿ; ಸವರಿದ ಟೊಂಗೆಯನ್ನೂ ಅಲ್ಲಿ ಬಿಸಾಡಬೇಡಿರಿ.

4. ರಾಸಾಯನಿಕ ಸಿಂಪಡಿಸಲೇಬೇಕಾದರೆ ಮನೆಯವರೆಲ್ಲರಿಗೂ ತಿಳಿಸಿರಿ. ಡಬ್ಬಿಯ ಮೇಲೆ ಬರೆದಷ್ಟು ದಿನ ಅಲ್ಲಿನ ಹುಲ್ಲು ಸೊಪ್ಪನ್ನು ದನಕ್ಕೆ ಹಾಕಬೇಡಿರಿ.

5. ದನ ಜೊಲ್ಲು ಸುರಿಸಿ, ನಡುಗಿ, ಉಸಿರಾಟಕ್ಕೆ ಕಷ್ಟಪಟ್ಟರೆ ಬಾಯಿಗೆ ಎಣ್ಣೆ, ಮಜ್ಜಿಗೆ ಏನನ್ನೂ ಹೊಯ್ಯಬೇಡಿರಿ, ಶ್ವಾಸಕೋಶಕ್ಕೆ ಇಳಿದೀತು. ತಕ್ಷಣ ಪಶುವೈದ್ಯರನ್ನು ಕರೆಯಿರಿ, ಇಲ್ಲವೇ 1962ಕ್ಕೆ ದೂರವಾಣಿ ಮಾಡಿರಿ. ಔಷಧಿಯ ಡಬ್ಬಿಯನ್ನು ತೋರಿಸಿರಿ. ವೈದ್ಯರು ಒಪ್ಪುವವರೆಗೆ ಆ ದನದ ಹಾಲನ್ನು ಸಂಘಕ್ಕೆ ಹಾಕಬೇಡಿರಿ, ಮನೆಯಲ್ಲೂ ಬಳಸಬೇಡಿರಿ.

ಈ ಮುಂಗಾರಿಗೆ ಎರಡು ಚೊಗಚೆ, ಒಂದು ನುಗ್ಗೆ ನೆಟ್ಟು ಆರಂಭಿಸಿರಿ. ಗುಬ್ಬಿ ಬಂದು ಗೂಡು ಕಟ್ಟಿದ ಹಿತ್ತಲಿನ ಹುಲ್ಲನ್ನು ಹಸುವಿಗೆ ಹಾಕಲು ನಿಮಗೂ ಅಂಜಿಕೆಯಿರದು.

– ಪಶುವೈದ್ಯಕೀಯ ವಿಸ್ತರಣಾಧಿಕಾರಿ