ಗಂಟಿನ ಗುಟ್ಟು ಹೇಳುವ ಜೀವಕೋಶ

ನಾಯಿಯ ಮೈ ಸವರುವಾಗ ಚರ್ಮದಲ್ಲಿ ಅಡಿಕೆ ಗಾತ್ರದ ಗಂಟೊಂದು ಕೈಗೆ ಸಿಗುವುದುಂಟು. ಅದು ಕೀವುಗಂಟೇ, ಕೊಬ್ಬಿನ ಗಡ್ಡೆಯೇ, ಕ್ಯಾನ್ಸರೇ? ಬರೀ ನೋಡಿ, ಮುಟ್ಟಿ ಇದನ್ನು ಖಚಿತವಾಗಿ ಹೇಳಲು ಅನುಭವಿ ವೈದ್ಯರಿಗೂ ಆಗದು. ಕೆಲವು ಗಂಟುಗಳನ್ನು ಹಾಗೆಯೇ ಬಿಡಬಹುದು. ಕೆಲವನ್ನು ತಡಮಾಡದೆ ಕತ್ತರಿಸಿ ತೆಗೆಯಬೇಕು. ಮತ್ತೆ ಕೆಲವಕ್ಕೆ ಔಷಧಿಯೇ ಸಾಕು. ಆದ್ದರಿಂದ ಮೊದಲು ಗಂಟಿನೊಳಗಿನ ಜೀವಕೋಶಗಳನ್ನು ನೋಡಬೇಕು. ಇದೇ ಕೋಶಪರೀಕ್ಷೆ.

ವಿಧಾನ ಸರಳವಾದುದು. ವೈದ್ಯರು ತೆಳುವಾದ ಸೂಜಿಯನ್ನು ಗಂಟಿಗೆ ಚುಚ್ಚಿ ಸಿರಿಂಜಿನಿಂದ ಹೀರುತ್ತಾರೆ. ಸಾಮಾನ್ಯವಾಗಿ ಅರಿವಳಿಕೆ ಬೇಕಾಗುವುದಿಲ್ಲ. ಬಂದ ಹನಿಯನ್ನು ಗಾಜಿನ ಸ್ಲೈಡಿನ ಮೇಲೆ ತೆಳುವಾಗಿ ಹರಡಿ, ಗಾಳಿಯಲ್ಲಿ ಒಣಗಿಸಿ, ಲೀಶ್ಮನ್ ಅಥವಾ ಗೀಮ್ಸಾ ಬಣ್ಣ ಹಾಕುತ್ತಾರೆ. ಆಗ ಸೂಕ್ಷ್ಮದರ್ಶಕದಲ್ಲಿ ಕೋಶಕೇಂದ್ರ ನೇರಳೆಯಾಗಿ ಎದ್ದು ಕಾಣುತ್ತದೆ.

ಬಿಳಿರಕ್ತಕಣಗಳೂ ಬ್ಯಾಕ್ಟೀರಿಯಾಗಳೂ ತುಂಬಿದ್ದರೆ ಅದು ಕೀವುಗಂಟು. ಕೊಬ್ಬಿನ ಕೋಶಗಳಷ್ಟೇ ಇದ್ದರೆ ಬಹುಮಟ್ಟಿಗೆ ನಿರಪಾಯಕಾರಿ ಗಡ್ಡೆ. ಗಡ್ಡೆಯ ಕೋಶಗಳು ಮುಖ್ಯವಾಗಿ ಮೂರು ಬಗೆ: ಗುಂಪಾಗಿ ಅಂಟಿಕೊಂಡವು, ಕದಿರಿನಂತೆ ಉದ್ದನೆಯವು, ಬಿಡಿಬಿಡಿಯಾದ ದುಂಡನೆಯವು. ಕೋಶಗಳ ಹಾಗೂ ಕೋಶಕೇಂದ್ರಗಳ ಗಾತ್ರದಲ್ಲಿ ತೀರ ಏರುಪೇರು ಇದ್ದರೆ ಕ್ಯಾನ್ಸರಿನ ಶಂಕೆ ಬಲವಾಗುತ್ತದೆ.

ದುಂಡುಕೋಶದ ಗಡ್ಡೆಗಳಲ್ಲಿ ಮೂರನ್ನು ಗಮನಿಸಿ. ಕೋಶದ ತುಂಬ ನೇರಳೆ ಕಣಗಳಿದ್ದರೆ ಅದು ಮಾಸ್ಟ್ ಕೋಶದ ಗಡ್ಡೆ. ಇದು ದೇಹದಲ್ಲಿ ಹರಡಬಲ್ಲದು. ಎಳೆ ನಾಯಿಗಳಲ್ಲಿ ಕಾಣುವ ಹಿಸ್ಟಿಯೋಸೈಟೋಮ ಸಾಮಾನ್ಯವಾಗಿ ತಾನಾಗಿಯೇ ಕರಗುತ್ತದೆ. ಮೂರನೆಯದು ಸಂಯೋಗದಿಂದ ಹರಡುವ ಗಡ್ಡೆ. ಇದು ಹೆಚ್ಚಾಗಿ ಜನನಾಂಗದಲ್ಲಿ, ಕೆಲವೊಮ್ಮೆ ಮೂಗು, ಚರ್ಮಗಳಲ್ಲಿ ಕಾಣಿಸುತ್ತದೆ. ನಮ್ಮ ಬೀದಿನಾಯಿಗಳಲ್ಲಿ ಅಪರೂಪವಲ್ಲ. ವಿಸ್ಮಯವೆಂದರೆ, ಇಲ್ಲಿ ರೋಗಾಣುವೇ ಇಲ್ಲ. ಒಂದು ನಾಯಿಯ ಕ್ಯಾನ್ಸರ್ ಕೋಶವೇ ಇನ್ನೊಂದರ ಮೈಯಲ್ಲಿ ನೆಲೆಸಿ ಬೆಳೆಯುತ್ತದೆ. ನಾಯಿಯ ಕೋಶದಲ್ಲಿ 78 ವರ್ಣತಂತುಗಳಿದ್ದರೆ ಈ ಗಡ್ಡೆಯ ಕೋಶದಲ್ಲಿ ಸುಮಾರು 57ರಿಂದ 59 ಮಾತ್ರ. ಈ ಗಡ್ಡೆಯನ್ನು ಒಂದು ನಾಯಿಯಿಂದ ಇನ್ನೊಂದಕ್ಕೆ ನಾಟಿಮಾಡಬಹುದೆಂದು 1876ರಲ್ಲಿ ರಷ್ಯದ ಪಶುವೈದ್ಯ ನೊವಿನ್‌ಸ್ಕಿ ತೋರಿಸಿದರು. ಇದಕ್ಕೆ ಕತ್ತರಿಗಿಂತ ವಿನ್‌ಕ್ರಿಸ್ಟೀನ್ ಚುಚ್ಚುಮದ್ದೇ ಮೇಲು. ಗಡ್ಡೆಯ ಹೆಸರು ತಿಳಿಯದೆ ಕತ್ತರಿಸಿದ್ದರೆ ನೋವು ನಾಯಿಗೆ, ವೆಚ್ಚ ಮನೆಯವರಿಗೆ. ಗಡ್ಡೆಯೂ ಮರಳಿ ಬಂದೀತು.

ಈ ಪರೀಕ್ಷೆಗೂ ಮಿತಿಯಿದೆ. ಸೂಜಿಗೆ ಸಿಗುವುದು ಬಿಡಿ ಕೋಶಗಳು, ಅಂಗಾಂಶದ ರಚನೆಯಲ್ಲ. ಕೆಲವು ಗಡ್ಡೆಗಳಿಂದ ಕೋಶಗಳು ಸಾಕಷ್ಟು ಉದುರುವುದೇ ಇಲ್ಲ. ಸಂದೇಹ ಉಳಿದಾಗ ತುಣುಕು ತೆಗೆದು ಬಯಾಪ್ಸಿ ಮಾಡಲೇಬೇಕು.

ಕಲಬುರಗಿ ಜಿಲ್ಲೆಯ ತೆಂಗಳಿಯಂಥ ಊರಿಗೆ ಈ ಪರೀಕ್ಷೆಯ ಉಪಯೋಗ ದೊಡ್ಡದು. ಪಶುವೈದ್ಯಕೀಯ ಕಾಲೇಜು ಇರುವುದು ಪಕ್ಕದ ಬೀದರಿನಲ್ಲಿ. ನಾಯಿಯನ್ನು ಅಷ್ಟು ದೂರ ಒಯ್ಯುವುದು ಕಷ್ಟ. ಆದರೆ ಹತ್ತಿರದ ಪಶುವೈದ್ಯರು ಒಣಗಿಸಿಕೊಟ್ಟ ಸ್ಲೈಡು ಜೇಬಿನಲ್ಲಿ ಹೋಗಬಲ್ಲದು. ಒಂದೇ ಎಚ್ಚರಿಕೆ: ಅದನ್ನು ಫಾರ್ಮಲಿನ್ ಬಾಟಲಿಯ ಜೊತೆಗಿಡಬಾರದು. ಅದರ ಆವಿ ತಗುಲಿದರೆ ಬಣ್ಣ ಸರಿಯಾಗಿ ಹಿಡಿಯದು.

ನಿಮ್ಮ ಮನೆಯ ನಾಯಿಯ ಮೈಯನ್ನು ತಿಂಗಳಿಗೊಮ್ಮೆ ಸವರಿ ನೋಡಿ. ಗಂಟು ಸಿಕ್ಕರೆ ಹಿಸುಕಬೇಡಿ, ಸುಡಬೇಡಿ. ಮಾಸ್ಟ್ ಕೋಶದ ಗಡ್ಡೆಯಾದರೆ ಹಿಸುಕಿದೊಡನೆ ಊದಿಕೊಳ್ಳಬಹುದು. ಅದು ಚಿಕ್ಕದಿರುವಾಗಲೇ ವೈದ್ಯರಿಗೆ ತೋರಿಸಿ.