ಅಟ್ಕಿನ್ಸನ್ ಕೋಟೆಯ ಮೊದಲ ಚಳಿಗಾಲ

ಅಮೆರಿಕದ ಇಂದಿನ ನೆಬ್ರಾಸ್ಕ ರಾಜ್ಯದಲ್ಲಿ, ಮಿಸೌರಿ ನದಿಯ ದಂಡೆಯ ಮೇಲೆ 1819ರಲ್ಲಿ ತಲೆಯೆತ್ತಿ, ಎಂಟು ವರ್ಷಗಳು ತುಂಬುವುದರೊಳಗಾಗಿ ಬರಿದಾದ ಅಟ್ಕಿನ್ಸನ್ ಕೋಟೆಯ ಚರಿತ್ರೆಯನ್ನು ಓದುವವನಿಗೆ, ಅದಕ್ಕೊದಗಿದ ಅತ್ಯಂತ ಘೋರವಾದ ಹಾನಿಯು ಯಾವ ವೈರಿಯ ಬಾಣದಿಂದಲೂ ಗುಂಡಿನಿಂದಲೂ ಆದುದಲ್ಲವೆಂಬ ಸಂಗತಿಯೇ ಮೊದಲು ಮನಸ್ಸನ್ನು ಕಲಕುತ್ತದೆ.

ತುಪ್ಪುಳುದೊಗಲಿನ ವ್ಯಾಪಾರವನ್ನು ಕಾಯುವುದಕ್ಕೂ ಬ್ರಿಟಿಷರ ಪ್ರಭಾವವನ್ನು ತಡೆಯುವುದಕ್ಕೂ ಕರ್ನಲ್ ಹೆನ್ರಿ ಅಟ್ಕಿನ್ಸನ್ನನ ನೇತೃತ್ವದಲ್ಲಿ ಹೊರಟ ಸಾವಿರಕ್ಕೂ ಮಿಕ್ಕ ಸೈನಿಕರು, ನೆಚ್ಚಿದ ಉಗಿಹಡಗುಗಳು ನಡುದಾರಿಯಲ್ಲಿಯೇ ಕೈಕೊಟ್ಟುದರಿಂದ, ಸೆಪ್ಟೆಂಬರಿನ ಕೊನೆಗೆ ಅಲ್ಲಿಗೆ ತಲಪಿದರು. ಗಡಿಯ ಠಾಣ್ಯಗಳು ತಮ್ಮ ತರಕಾರಿಯನ್ನು ತಾವೇ ಬೆಳೆದುಕೊಳ್ಳತಕ್ಕದ್ದೆಂಬ ಆಜ್ಞೆ ಹಿಂದಿನ ವರ್ಷವೇ ಹೊರಟಿದ್ದಿತು. ಆದರೆ ಬಿತ್ತನೆಯ ಕಾಲ ಮೀರಿಹೋಗಿದ್ದಿತು. ಉಪ್ಪಿನಲ್ಲಿಟ್ಟ ಮಾಂಸವನ್ನೇ ನಂಬಿ ಹಿಮದ ನಡುವೆ ದಿನ ನೂಕಿದವರ ವಸಡುಗಳು ಊದಿ ರಕ್ತ ಜಿನುಗಿತು, ಹಲ್ಲುಗಳು ಸಡಿಲಿದುವು, ಕಾಲುಗಳು ಬಾತು ಕಪ್ಪಾದುವು. ವಸಂತ ಬರುವಷ್ಟರಲ್ಲಿ ನೂರಕ್ಕೂ ಹೆಚ್ಚು ಮಂದಿ ಮಡಿದಿದ್ದರು. ಸೈನ್ಯದ ವೈದ್ಯನಾದ ಜಾನ್ ಗೇಲನು ರೋಗವು ಸ್ಕರ್ವಿಯೆಂದು ಬಲ್ಲವನಾಗಿದ್ದನು. ಅವನ ಬಳಿ ಇಲ್ಲದಿದ್ದುದು ಔಷಧವಾದ ಹಸಿಯ ಸಸ್ಯಾಹಾರ.

ಸ್ಕರ್ವಿ ತಲೆದೋರುವುದು ಜೀವಸತ್ತ್ವ 'ಸಿ'ಯ ಕೊರತೆಯಿಂದ. ನಾಯಿ, ದನ ಮೊದಲಾದ ಬಹುತೇಕ ಸಸ್ತನಿಗಳು ಈ ಸತ್ತ್ವವನ್ನು ತಮ್ಮ ಶರೀರದಲ್ಲಿಯೇ ನಿರ್ಮಿಸಿಕೊಳ್ಳಬಲ್ಲವು. ಮನುಷ್ಯನಿಗೆ ಆ ಶಕ್ತಿಯಿಲ್ಲ. ಚರ್ಮ, ರಕ್ತನಾಳ, ಎಲುಬುಗಳಿಗೆಲ್ಲ ಆಧಾರವಾದ ಕೊಲಾಜೆನ್ ಎಂಬ ಪ್ರೋಟೀನು, ಮೂರು ಎಳೆಗಳ ಹುರಿಯಂತೆ ಹೆಣೆದುಕೊಂಡು ದೃಢವಾಗಬೇಕಾದರೆ ಈ ಸತ್ತ್ವ ಅವಶ್ಯಕ. ಅದಿಲ್ಲದಾಗ ಹೊಸ ಅಂಗಾಂಶ ನೆಲೆಗೊಳ್ಳದೆ ರಕ್ತನಾಳಗಳು ಒಡೆಯುತ್ತವೆ, ವಾಸಿಯಾದ ಹಳೆಯ ಗಾಯಗಳೂ ಬಿಚ್ಚಿಕೊಳ್ಳಬಹುದು. ಶರೀರದಲ್ಲಿರುವ ಸಂಗ್ರಹ ಒಂದರಿಂದ ಮೂರು ತಿಂಗಳಿಗಷ್ಟೇ ಸಾಲುವುದರಿಂದ, ಶರತ್ಕಾಲದಲ್ಲಿ ನೆಟ್ಟಗಿದ್ದವರು ನಡುಚಳಿಗಾಲದಲ್ಲಿ ಒಟ್ಟೊಟ್ಟಿಗೆ ಹಾಸಿಗೆ ಹಿಡಿದುದು ಆಶ್ಚರ್ಯವಲ್ಲ. ನಿಂಬೆಯ ಜಾತಿಯ ಹಣ್ಣುಗಳು ಈ ರೋಗವನ್ನು ನೀಗುವುವೆಂದು ಬ್ರಿಟಿಷ್ ನೌಕಾವೈದ್ಯನಾದ ಜೇಮ್ಸ್ ಲಿಂಡ್ 1747ರಲ್ಲಿಯೇ ಹಡಗಿನ ಮೇಲೆ ಪ್ರಯೋಗ ಮಾಡಿ ತೋರಿಸಿದ್ದನೆಂಬುದನ್ನು ನೆನೆದಾಗ, ಈ ಮರಣಗಳು ಇನ್ನಷ್ಟು ದುಃಖಕರವೆನಿಸುತ್ತವೆ.

ಹಿಮ ಕರಗಿ ಕಾಡೀರುಳ್ಳಿ ಚಿಗುರಿದ ಬಳಿಕ ರೋಗಿಗಳು ಚೇತರಿಸಿಕೊಂಡರು. ಅದೇ ವಸಂತದಲ್ಲಿ ನದಿಯ ಪ್ರವಾಹ ಮೊದಲ ಬಿಡಾರಗಳನ್ನು ಕೆಡಿಸಲು, ಕೋಟೆಯನ್ನು ಮೇಲಣ ದಿಬ್ಬಕ್ಕೆ ಸಾಗಿಸಿ ಕಟ್ಟಿದರು. ಸುತ್ತಲೂ ನೂರಾರು ಎಕರೆ ಹೊಲ ಹಸನಾಯಿತು. 1826ರಲ್ಲಿ ತನಿಖೆಗೆ ಬಂದ ಜಾರ್ಜ್ ಕ್ರೋಗನನು, ಇಲ್ಲಿನ ಸೈನಿಕರು ಕವಾಯತನ್ನು ಮರೆತು ಒಕ್ಕಲಿಗರಾಗಿದ್ದಾರೆಂದು ಆಕ್ಷೇಪಿಸಿದನು. ಆ ಮೊದಲ ಚಳಿಗಾಲದ ಗೋರಿಗಳನ್ನು ಗಣನೆಗೆ ತಂದುಕೊಂಡರೆ ಈ ಆಕ್ಷೇಪ ನ್ಯಾಯವಾದುದೆಂದು ನನಗೆ ತೋರುವುದಿಲ್ಲ. ಮರುವರ್ಷವೇ ಸರ್ಕಾರ ಕೋಟೆಯನ್ನು ತೊರೆದು, ಪಡೆಯನ್ನು ನದಿಯ ಕೆಳಗಣ ಠಾಣ್ಯಗಳಿಗೆ ಕಳುಹಿಸಿತು.